ಏನಿಲ್ಲ, ಸುಮ್ಮನೆ ಕರೆದೆ

ನನಗೆ ಅಪ್ಪ ಅಮ್ಮ ಇಟ್ಟ ಹೆಸರು ಗೌರಿ. ಈ ಊರಿನಲ್ಲಿ ಆ ಹೆಸರು ಹಿಡಿದು ನನ್ನನ್ನು ಕರೆದದ್ದು ಒಂದೇ ಸಲ. ಮದುವೆಯಾಗಿ ಬಂದ ದಿನ ಸಂಜೆ ನನ್ನ ಗಂಡ ಹೊನ್ನಪ್ಪ, ಹೊಸ ಹೆಂಡತಿಯ ಹೆಸರನ್ನು ಬಾಯ್ತುಂಬ ಕರೆಯುವ ಆಸೆಗೆ, ನಡುಮನೆಯಲ್ಲಿ ನಿಂತು "ಗೌರೀ" ಎಂದರು. ಬಾಗಿಲು ಬಡಿದ ಸದ್ದಾಯಿತು. ನಾನು ಹೋಗಿ ತೆಗೆದೆ. ಯಾರೂ ಇಲ್ಲ. ನನ್ನ ಹಿಂದೆಯೇ ಓಡಿಬಂದ ಗಂಡ ಬಾಗಿಲ ಪಕ್ಕದ ಗೂಡಿನಿಂದ ಬೆಲ್ಲದ ನೀರಿನ ಚೊಂಬು ತೆಗೆದು, ಒಂದು ಲೋಟ ಬಗ್ಗಿಸಿ, ಖಾಲಿ ಬೀದಿಯ ಕಡೆ ಹಿಡಿದು, "ಏನಿಲ್ಲ, ಸುಮ್ನೆ ಕರೆದೆ. ಅಂದ್ರೆ ನಿಮ್ಮನ್ನಲ್ಲ, ಇವಳನ್ನ" ಎಂದು ತಲೆ ಕೆರೆದುಕೊಂಡರು. ಎಂಥ ಹುಚ್ಚರ ಮನೆಗೆ ಬಂದು ಬಿದ್ದೆನಪ್ಪ ಎಂದು ನನಗೆ ಅಳು ಬಂತು. ಮರುದಿನದಿಂದ ನಾನು ಚಿನ್ನಮ್ಮ ಆದೆ.

ಊರಿನ ಪದ್ಧತಿ ಇಷ್ಟೇ. ಯಾರಾದರೂ ಯಾವ ದೇವರ ಹೆಸರನ್ನಾದರೂ ಬಾಯಿಬಿಟ್ಟು ಅಂದರೆ, ಅವರಿಗೆ ಹತ್ತಿರದಲ್ಲಿರುವ ಮುಚ್ಚಿದ ಬಾಗಿಲನ್ನು ಹೊರಗಿನಿಂದ ತಟ್ಟಿದ ಸದ್ದು ಕೇಳುತ್ತದೆ. ಅಂದವರೇ ಎದ್ದು ಹೋಗಿ ತೆಗೆಯಬೇಕು. ಬೆಲ್ಲದ ನೀರು ಹಿಡಿದು, "ಏನಿಲ್ಲ, ಸುಮ್ಮನೆ ಕರೆದೆ" ಎಂದು ಹೇಳಿ ಕಳಿಸಬೇಕು. ಆಮೇಲೆ ಆ ನೀರನ್ನು ಬೀದಿಯಲ್ಲಿ ಹೋಗುವ ಯಾರಿಗಾದರೂ ಕೊಡುವುದು. ಹಾಗಾಗಿ ನಮ್ಮೂರಿನಲ್ಲಿ ಬಾಯಾರಿದವರು ನೀರು ಕೇಳುವುದಿಲ್ಲ, ಯಾರದಾದರೂ ಮನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಒಳಗೆ ಹಾಲು ಉಕ್ಕಿಯೋ, ಕಾಲಿಗೆ ಒನಕೆ ಎಡವಿಯೋ ಯಾರೋ ಒಬ್ಬರು ಕೂಗಿಯೇ ಕೂಗುತ್ತಾರೆ, ಬೆಲ್ಲದ ನೀರು ಬಂದೇ ಬರುತ್ತದೆ.

ಬಾಗಿಲು ತೆರೆದಿಟ್ಟರೆ ತಟ್ಟುವ ಗೋಜೇ ಇಲ್ಲವಲ್ಲ ಎಂದು ನಾನು ಮೊದಮೊದಲು ಜಾಣತನ ಮಾಡಿದ್ದುಂಟು. ತೆರೆದ ಬಾಗಿಲನ್ನು ಯಾರೂ ತಟ್ಟುವುದಿಲ್ಲ ನಿಜ, ಆದರೆ ಬಡಿತ ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದ ಮನೆಯವರು ಸೌಟು ಹಿಡಿದುಕೊಂಡೇ ಜಗಳಕ್ಕೆ ಬರುತ್ತಾರೆ. ಬಸ್ಸಿನೊಳಗೆ ಯಾರಾದರೂ ಬ್ರೇಕಿಗೆ ಹೆದರಿ ಕೂಗಿದರೆ ಬಸ್ಸಿನ ಬಾಗಿಲು ಬಡಿಯುತ್ತದೆ. ನಮ್ಮೂರಿನ ದಾರಿಯ ಕಂಡಕ್ಟರ್ ಟಿಕೆಟ್ಟಿನ ಚೀಲದಲ್ಲೇ ಒಂದು ಬಾಟಲಿ ಬೆಲ್ಲದ ನೀರು ಇಟ್ಟುಕೊಂಡಿರುತ್ತಾನೆ. ಮಕ್ಕಳಿಗೆ ದೇವರ ಹೆಸರು ಇಡುವುದಿಲ್ಲ. ಇಟ್ಟರೆ ಅವು ಆಟದಿಂದ ಮನೆಗೆ ಬರುವಷ್ಟರಲ್ಲಿ ತಾಯಿಯ ಕಾಲು ಸವೆದು ಹೋಗುತ್ತದೆ. ಎಲ್ಲರೂ ಹೊನ್ನು, ಮುತ್ತು, ಸಂಪಂಗಿ, ಗುಂಡ. "ದೇವರು" ಎಂಬ ಮಾತೂ ಅಪಾಯವೇ, ಅದಕ್ಕೆ "ಆಚೆಯವರು" ಎನ್ನುತ್ತಾರೆ. ಎಣ್ಣೆ ಅಂಗಡಿಯ ಮೋತಿ ಸಾಬರು "ಯಾ ಅಲ್ಲಾ" ಎಂದು ಡಬ್ಬ ಇಳಿಸಿದರೂ, ನರ್ಸಮ್ಮ "ಯೇಸಪ್ಪಾ" ಎಂದು ಸೊಂಟ ಹಿಡಿದುಕೊಂಡರೂ ಬಡಿತ ಅದೇ. ಯಾವ ಬಡಿತ ಯಾರದು ಎಂದು ಹಿಂದೆ ಒಂದು ಕಾಲದಲ್ಲಿ ದೊಡ್ಡ ವಾದ ನಡೆದಿತ್ತಂತೆ. ಕಿವಿಗೊಟ್ಟು ಕೇಳಿ ಕೇಳಿ ವ್ಯತ್ಯಾಸ ಸಿಗದೆ ಕೈಬಿಟ್ಟರಂತೆ.

ಇಂಥ ಊರಿನಲ್ಲಿ ಬಾಯಿ ಬಿಗಿ ಹಿಡಿದು ಬದುಕಿದ ಮನುಷ್ಯ ಒಬ್ಬರೇ, ನಮ್ಮ ಮಾವ ಕೆಂಚಪ್ಪನವರು. ಅವರ ಬಾಯಲ್ಲಿ ದೇವರ ಹೆಸರು ಬಂದದ್ದನ್ನು ಕೇಳಿದವರಿಲ್ಲ. ಸುತ್ತಿಗೆ ಹೆಬ್ಬೆರಳಿಗೆ ಬಿದ್ದರೆ "ಅಯ್ಯೋ ಕುಂಬಳಕಾಯೀ" ಎನ್ನುತ್ತಿದ್ದರು. ನೋವು ಜಾಸ್ತಿಯಾದರೆ ಹಾಗಲಕಾಯಿ. ತಮಾಷೆಯೆಂದರೆ ಅವರ ಕಸುಬು ಬಾಗಿಲು ಮಾಡುವುದು. ದಿನವಿಡೀ ತಟ್ಟಿಸಿಕೊಂಡ ಬಾಗಿಲುಗಳು ಎಷ್ಟು ದಿನ ಬಾಳಿಕೆ ಬಂದಾವು? ಹಲಗೆ ಸೀಳುತ್ತದೆ, ತಿರುಗುಣಿ ಸಡಿಲವಾಗುತ್ತದೆ, ಜನ ಮಾವನ ಹತ್ತಿರ ಬರುತ್ತಾರೆ. ಊರಿನ ಭಕ್ತಿಯಿಂದ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಇದನ್ನು ಎತ್ತಿ ಆಡುತ್ತಿದ್ದವರು ಎದುರುಮನೆಯ ಗುಂಡಮ್ಮನವರು. "ಆಚೆಯವ್ರು ತಟ್ಟಿ ಮುರಿದ ಬಾಗ್ಲು ರಿಪೇರಿ ಮಾಡಿ ಉಣ್ತಾನೆ, ಅವ್ರ ಹೆಸರು ಮಾತ್ರ ಎತ್ತಲ್ಲ. ಇಂಥ ಡೋಂಗಿ ಎಲ್ಲಾದ್ರೂ ಉಂಟಾ?" ಎಂದು ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಗುಂಡಮ್ಮನವರು ಮಾತ್ರ ಉಸಿರು ಬಿಟ್ಟರೆ ಶಿವ, ಎಳೆದುಕೊಂಡರೆ ಹರಿ. ಅವರ ಬಾಗಿಲು ಸುಮ್ಮನಿದ್ದದ್ದೇ ಇಲ್ಲ. ಮೊದಲೆಲ್ಲ ಎದ್ದು ಹೋಗಿ ತೆಗೆಯುತ್ತಿದ್ದರಂತೆ. ಮಂಡಿ ನೋವು ಬಂದ ಮೇಲೆ ಕೂತಲ್ಲಿಂದಲೇ "ಏನಿಲ್ಲ, ಸುಮ್ನೇ!" ಎಂದು ಕೂಗಿಬಿಡುತ್ತಿದ್ದರು. ಬಡಿತ ನಿಲ್ಲುತ್ತಿತ್ತು. ಮಂಡಿ ನೋವು ವಾಸಿಯಾದ ಮೇಲೂ ಕೂಗುವುದೇ ರೂಢಿಯಾಯಿತು. ನಾನೂ ಕಮ್ಮಿಯೇನಲ್ಲ, ದಿನಕ್ಕೆ ಹತ್ತು ಸಲ "ಅಯ್ಯೋ ರಾಮ" ಎಂದು ನಾಲಿಗೆ ಕಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಓಡುವವಳೇ. ಆದರೂ ಓಡುತ್ತಿದ್ದೆ.

ಒಂದು ದಿನ ನಾನು ಮಾವನನ್ನು ಕೇಳಿಯೇಬಿಟ್ಟೆ. "ಮಾವಯ್ಯ, ನಿಮಗೆ ಆಚೆಯವರ ಮೇಲೆ ನಂಬಿಕೆ ಇಲ್ವಾ?"

ಅವರು ಉಜ್ಜುಗೊರಡಿಗೆ ಅಂಟಿದ ಮರದ ಹೊಟ್ಟು ಊದುತ್ತಾ, "ನಂಬೋದು ಬಿಡೋದು ನಂಗೊತ್ತಿಲ್ಲ ಕಣವ್ವ. ಕೆಲ್ಸ ಇಲ್ದೆ ಒಬ್ರನ್ನ ಕರೆದು, ಬಂದ ಮ್ಯಾಲೆ ಏನಿಲ್ಲ ಹೋಗು ಅನ್ನೋದು ಮರ್ಯಾದೆನಾ? ನನ್ನ ಕೆಲ್ಸ ನಾನೇ ಮಾಡ್ಕತೀನಿ. ಅವ್ರಿಗ್ಯಾಕೆ ತೊಂದ್ರೆ?" ಎಂದರು. ನಾಸ್ತಿಕರೋ ಆಸ್ತಿಕರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಳ್ಳೆಯ ಮನುಷ್ಯರು ಅನ್ನುವುದು ಮಾತ್ರ ಗೊತ್ತು.

ಹೀಗಿರುವಾಗ ನನ್ನ ನಾದಿನಿ ಮುತ್ತುವಿಗೂ ಗುಂಡಮ್ಮನವರ ಮಗ ಸಂಪಂಗಿಗೂ ಮನಸ್ಸು ಕೂಡಿತು. ಅವನ ತಾಯಿಯ ಬಾಗಿಲು ವರ್ಷಕ್ಕೆ ಒಮ್ಮೆಯಾದರೂ ರಿಪೇರಿಗೆ ಬರುವುದು ಸಹಜ. ಆ ವರ್ಷ ತಿಂಗಳಿಗೆರಡು ಸಲ ಬರತೊಡಗಿತು. ಸಂಪಂಗಿ ತಾನೇ ಹೆಗಲ ಮೇಲೆ ಹೊತ್ತು ತರುತ್ತಿದ್ದ. "ಚಿಲಕ ಯಾಕೋ ಸಡಿಲ" ಎನ್ನುತ್ತಿದ್ದ. ಚಿಲಕ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಮಾವ ಅದನ್ನು ಅಲ್ಲಾಡಿಸಿ ನೋಡಿ, ಹುಡುಗನನ್ನು ನೋಡಿ, ಮಜ್ಜಿಗೆ ತಂದುಕೊಟ್ಟ ಮಗಳ ಮುಖ ನೋಡಿ, "ಸಡಿಲ ಆಗಿರೋದು ಚಿಲಕ ಅಲ್ಲ ಬುಡು" ಎಂದು ನಕ್ಕುಬಿಟ್ಟರು. ನಮ್ಮ ಕಡೆಯಿಂದ ಅಡ್ಡಿ ಇರಲಿಲ್ಲ. ತಾಯಿಯಿಲ್ಲದ ಹುಡುಗಿ, ಎದುರುಮನೆಗೇ ಹೋಗುತ್ತಾಳೆ, ಕೂಗಿದರೆ ಕೇಳುತ್ತದೆ ಎಂದು ನನಗಂತೂ ಹಾಲು ಕುಡಿದಷ್ಟು ಸಂತೋಷ.

ಗುಂಡಮ್ಮನವರು ಮಗನ ಮಾತಿಗೆ ಇಲ್ಲ ಎನ್ನಲಾರದೆ ಒಂದು ಷರತ್ತು ಹಾಕಿದರು. "ಹುಡುಗಿ ಬಂಗಾರ, ನಾನು ಬ್ಯಾಡ ಅನ್ನಲ್ಲ. ಆದ್ರೆ ಯಜಮಾನನ ಬಾಯಲ್ಲಿ ಒಂದು ಕಿತವೂ ಆಚೆಯವರ ಹೆಸರು ಬರದ ಮನೆಯಿಂದ ಹೆಣ್ಣು ತಂದ್ರೆ ನಾಲ್ಕು ಜನ ಏನಂದಾರು? ವೀಳ್ಯದ ದಿನ ನಾವು ಬತ್ತೀವಿ. ನಮ್ಮ ಮುಂದೆ ಕೆಂಚಪ್ಪ ಒಂದೇ ಒಂದು ಸಲ ಕರೀಲಿ, ಬಾಗ್ಲು ತಟ್ಲಿ, ಎದ್ದೋಗಿ ತೆಗೀಲಿ. ಅವತ್ತೇ ಎಲೆ ಅಡಿಕೆ ಬದಲಾಯಿಸ್ಕಳಣ. ಇಲ್ಲ ಅಂದ್ರೆ ಸಂಬಂಧದ ಮಾತು ಅಲ್ಲಿಗೇ ಮುಗೀತು."

ಮಾವ ಇದನ್ನು ಕೇಳಿ ಉಳಿ ಕೆಳಗಿಟ್ಟರು. "ಮದ್ವೆಗೋಸ್ಕರ ಕರೆದ್ರೆ ಅದು ಕರೆದಂಗಾಯ್ತಾ? ಅವಳನ್ನ ಒಪ್ಸಕ್ಕೆ ಇನ್ಯಾರನ್ನೋ ಬಾಗ್ಲಿಗೆ ಬರ್ಸೋದಾ? ಅದೇ ಅಲ್ವಾ ಡೋಂಗಿ ಅಂದ್ರೆ?" ಎಂದರು. ಆಮೇಲೆ ಮಗಳ ಕಡೆ ತಿರುಗಿ, ದನಿ ಇಳಿಸಿ, "ನೀನು ಹೇಳವ್ವ. ನೀನು ಹೂಂ ಅಂದ್ರೆ ಮಾಡ್ತೀನಿ" ಎಂದರು. ಮುತ್ತು ಕಣ್ಣು ತುಂಬಿಕೊಂಡು ತಲೆ ಅಲ್ಲಾಡಿಸಿದಳು. "ನಿನ್ನ ಬಾಯಲ್ಲಿ ಸುಳ್ಳು ಆಡ್ಸಿ ನಂಗೆ ಮದ್ವೆ ಬ್ಯಾಡ ಕಣಪ್ಪ" ಎಂದಳು. ಒಳಗೆ ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಅವಳಿಗೆ ಸಂಪಂಗಿಯೂ ಬೇಕು, ಅಪ್ಪನೂ ಅಪ್ಪನ ಹಾಗೇ ಇರಬೇಕು.

ಅಪ್ಪ ಮಗಳಿಬ್ಬರೂ ಹರಿಶ್ಚಂದ್ರನ ಮನೆತನದವರಾದರೆ ಸುಳ್ಳಿನ ಕೆಲಸ ಸೊಸೆಯೇ ಮಾಡಬೇಕಲ್ಲ. ನಾನು ಗಂಡನ ಜೊತೆ ಸೇರಿ ಒಂದು ಉಪಾಯ ಹೂಡಿದೆ. ವೀಳ್ಯದ ದಿನ ಎಲ್ಲರೂ ನಡುಮನೆಯಲ್ಲಿ ಕೂತಿರುತ್ತಾರೆ. ನಾನು ಮುಂಬಾಗಿಲ ಪಕ್ಕದ ಕೋಣೆಯಲ್ಲಿ, ಪರದೆಯ ಹಿಂದೆ ನಿಂತಿರುತ್ತೇನೆ. ಮಾವನಿಗೆ ಎಲೆ ಅಡಿಕೆ ಹಾಕಿಕೊಂಡರೆ ಬಾಯೊಳಗೇ ಏನೋ ಗೊಣಗುವ ಅಭ್ಯಾಸ. ಅವರು ಗೊಣಗುವ ಹೊತ್ತಿಗೆ ನನ್ನ ಗಂಡ ಕೆಮ್ಮಬೇಕು. ಕೆಮ್ಮು ಕೇಳಿದ ಕೂಡಲೇ ನಾನು ಮೆಲ್ಲಗೆ ಒಂದು ಹೆಸರು ಹೇಳುತ್ತೇನೆ. ಮುಂಬಾಗಿಲು ತಟ್ಟುತ್ತದೆ. ಎಲ್ಲರೂ ಮಾವನೇ ಕರೆದರು ಅಂದುಕೊಳ್ಳುತ್ತಾರೆ. ಮಾವನಿಗೆ ತಿಳಿಯುವಷ್ಟರಲ್ಲಿ ವೀಳ್ಯದ ತಟ್ಟೆ ಬದಲಾಗಿರುತ್ತದೆ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಬೀಗರು ಬರುತ್ತಾರೆಂದು ಒಬ್ಬಟ್ಟು ಮಾಡಲು ಹೊರಟದ್ದೂ ನಾನೇ.

ಅವತ್ತು ಗುಂಡಮ್ಮನವರು ರೇಷ್ಮೆ ಸೀರೆ ಉಟ್ಟು, ಮಗನನ್ನೂ ಸಾಕ್ಷಿಗೆ ಮೋತಿ ಸಾಬರನ್ನೂ ಕರೆದುಕೊಂಡು ಬೀದಿ ದಾಟಿ ಬಂದರು. ನಡುಮನೆಯ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಸಂಪಂಗಿಯ ಮುಖ ಪರೀಕ್ಷೆಗೆ ಬಂದವನ ಹಾಗಿತ್ತು. ಮುತ್ತು ಕಂಬದ ಮರೆಯಲ್ಲಿ ನೆಲ ನೋಡುತ್ತಾ ನಿಂತಿದ್ದಳು. ಬಾಗಿಲು ಮುಚ್ಚಿತ್ತು. ನಾನು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಮಾವ ಎಲೆಗೆ ಸುಣ್ಣ ಹಚ್ಚತೊಡಗಿದರು. ಅಷ್ಟರಲ್ಲಿ ನನ್ನ ಮೂಗಿಗೆ ಒಬ್ಬಟ್ಟು ಸೀಯುವ ವಾಸನೆ ಬಡಿಯಿತು.

ಹೆಂಗಸಿಗೆ ಆ ವಾಸನೆ ಬಂದ ಮೇಲೆ ಮಿಕ್ಕಿದ್ದೆಲ್ಲ ಮರೆಯುತ್ತದೆ. ನಾನು ಹಿಂದಿನಿಂದ ಅಡುಗೆಮನೆಗೆ ಓಡಿದೆ. ಹೆಂಚಿನ ಮೇಲೆ ಒಬ್ಬಟ್ಟು ಇದ್ದಿಲಾಗಿತ್ತು. ಅದನ್ನು ಮಗುಚುತ್ತಿರುವಾಗಲೇ ನಡುಮನೆಯಿಂದ ನನ್ನ ಗಂಡ ಕೆಮ್ಮಿದ್ದು ಕೇಳಿಸಿತು. ಒಂದು ಕೆಮ್ಮು. ಉತ್ತರ ಬರದಿದ್ದಕ್ಕೆ ಇನ್ನೊಂದು. ಆಮೇಲೆ ಕ್ಷಯ ಹಿಡಿದವರ ಹಾಗೆ ಒಂದೇ ಸಮನೆ. ಗಾಬರಿಯಲ್ಲಿ ನಾನು ಸೌಟು ಹಿಡಿದೇ, ಮೆಲ್ಲಗೆ ಅನ್ನುವುದನ್ನೂ ಮರೆತು, "ಅಯ್ಯೋ ರಾಮಾ!" ಎಂದು ಕಿರುಚಿದೆ.

ಬಡಿತ ಬಿತ್ತು. ಹಿತ್ತಿಲ ಬಾಗಿಲ ಮೇಲೆ. ಅಡುಗೆಮನೆಯಲ್ಲಿ ನಿಂತು ಕೂಗಿದರೆ ಹಿತ್ತಿಲ ಬಾಗಿಲಲ್ಲದೆ ಮುಂಬಾಗಿಲು ತಟ್ಟುತ್ತದೆಯೇ? ಈ ಊರಿನಲ್ಲಿ ಹುಟ್ಟಿದ ಮಗುವೂ ಮಾಡದ ತಪ್ಪು. ನಡುಮನೆಯಿಂದ ಮಾವನ ನಗು ಕೇಳಿಸಿತು. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಚಿಮ್ಮುವ ಹಾಗೆ ನಗುತ್ತಿದ್ದರು. "ಹೊನ್ನಾ, ನಿನ್ನ ಕೆಮ್ಮಿಗೆ ಕಷಾಯ ಬ್ಯಾಡ ಕಣಪ್ಪ, ನಿನ್ನ ಹೆಂಡ್ತಿಗೆ ದಿಕ್ಕು ತೋರ್ಸು" ಎಂದರು. ನಾನು ಹಿತ್ತಿಲ ಬಾಗಿಲು ತೆಗೆದು, ಬೆಲ್ಲದ ನೀರು ಹಿಡಿದು, "ಏನಿಲ್ಲ, ಸುಮ್ನೆ ಕರೆದೆ" ಎಂದೆ. ಆ ಮಾತು ಅಷ್ಟು ಸುಳ್ಳಾಗಿ ನನ್ನ ಬಾಯಲ್ಲಿ ಎಂದೂ ಬಂದಿರಲಿಲ್ಲ.

ನಾನು ನಡುಮನೆಗೆ ಬರುವಷ್ಟರಲ್ಲಿ ಗುಂಡಮ್ಮನವರ ಮುಖ ಕೆಂಪಾಗಿತ್ತು. "ನಾಟಕ! ಮನೆ ಮಂದಿಯೆಲ್ಲ ಸೇರಿ ನಾಟಕ ಆಡ್ತೀರಾ? ಶಿವ ಶಿವಾ, ಇಂಥ ಮೋಸಗಾರ್ರ ಮನೆಗೆ ನಾನು ಕಾಲಿಟ್ನಲ್ಲ" ಎಂದರು. ತಕ್ಷಣ ನಮ್ಮ ಮುಂಬಾಗಿಲು ತಟ್ಟಿತು. ಗುಂಡಮ್ಮನವರು ಆ ಕಡೆ ತಿರುಗಿಯೂ ನೋಡದೆ, ಕೂತಲ್ಲಿಂದಲೇ, ನೊಣ ಓಡಿಸುವವರ ಹಾಗೆ ಕೈ ಬೀಸಿ, "ಏನಿಲ್ಲ, ಸುಮ್ನೇ!" ಎಂದು ಕೂಗಿದರು. ಬಡಿತ ನಿಂತಿತು. ಅವರು ಬೈಗುಳ ಮುಂದುವರಿಸಲು ಬಾಯಿ ತೆರೆದರು.

ಮಾವನ ನಗು ನಿಂತುಹೋಗಿತ್ತು. ಅವರು ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡು ಎದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಿಮ್ಮನೇಲಿ ಹೆಂಗಾದ್ರೂ ಮಾಡ್ಕಳವ್ವ. ನನ್ನ ಮನೆ ಬಾಗ್ಲಿಗೆ ಬಂದೋರನ್ನ ಕೂತಲ್ಲಿಂದ ಅಟ್ಟಂಗಿಲ್ಲ" ಎಂದರು. ದುಡುದುಡು ಹೋಗಿ ಬಾಗಿಲು ತೆಗೆದರು. ಬೀದಿ ಖಾಲಿ. ಅವರು ಹೊಸಲು ದಾಟಿ ಹೊರಗೆ ನಿಂತು, ಮೂಲೆ ತಿರುಗುತ್ತಿರುವ ನೆಂಟರನ್ನು ವಾಪಸು ಕರೆಯುವವರ ಹಾಗೆ, "ಇದ್ದೀರಾ? ಹೋಗ್ಬ್ಯಾಡಿ, ಹೋಗ್ಬ್ಯಾಡಿ. ಊಟದ ಹೊತ್ಗೆ ಬಂದಿದ್ದೀರಿ, ಬರಿ ಹೊಟ್ಟೇಲಿ ಹೋಗೋದುಂಟಾ? ಒಳೀಕ್ ಬನ್ನಿ" ಎಂದರು.

ನಮ್ಮೂರಿನಲ್ಲಿ ಬೆಲ್ಲದ ನೀರು ಕೊಡದವರಿಲ್ಲ. ಒಳಗೆ ಬನ್ನಿ ಎಂದವರು ಯಾರೂ ಇರಲಿಲ್ಲ. ಆ ಮಾತು ಯಾರಿಗೂ ಹೊಳೆದೇ ಇರಲಿಲ್ಲ. ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತರು. ನಾವೆಲ್ಲ ನೋಡುತ್ತಿದ್ದೆವು. ಆಗ ತೆರೆದ ಬಾಗಿಲ ಮೇಲೆ, ಒಂದೇ ಒಂದು ಸಲ, ಮೆಲ್ಲಗೆ ತಟ್ಟಿದ ಸದ್ದಾಯಿತು. ಬರಲೋ ಬೇಡವೋ ಎಂದು ಸಂಕೋಚಪಡುವ ನೆಂಟರು ತಟ್ಟುತ್ತಾರಲ್ಲ, ಹಾಗೆ. ಮೋತಿ ಸಾಬರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು.

"ಚಿನ್ನವ್ವಾ, ಇನ್ನೊಂದು ಎಲೆ ಹಾಕವ್ವ" ಎಂದರು ಮಾವ.

ನಾನು ಸಾಲಿನ ಮೊದಲಿಗೆ ಒಂದು ಎಲೆ ಹಾಕಿದೆ. ಮಣೆ ಇಟ್ಟೆ. ನೀರು ಇಟ್ಟೆ. ಮುತ್ತು ಅನ್ನ ಬಡಿಸಿದಳು. ಮಿಕ್ಕವರು ಸಾಲಿನಲ್ಲಿ ಕೂತರು. ಗುಂಡಮ್ಮನವರು ಎದ್ದು ಹೋಗುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಎದ್ದರು ನಿಜ. ಬಂದು ಆ ಎಲೆಯ ಪಕ್ಕದಲ್ಲಿ ಕೂತರು. ತುಂಬ ಹೊತ್ತು ಆ ಖಾಲಿ ಮಣೆಯನ್ನೇ ನೋಡಿದರು. ಆಮೇಲೆ ನನ್ನ ಕೈಯಿಂದ ತುಪ್ಪದ ಬಟ್ಟಲು ಇಸಿದುಕೊಂಡು, ಆ ಎಲೆಯ ಅನ್ನದ ಮೇಲೆ ತಾವೇ ಎರಡು ಮಿಳ್ಳೆ ಹಾಕಿದರು. "ದಿನಾ ಬರುಸ್ತೀನಿ. ಉಂಡ್ರಾ ಅಂತ ಒಂದಿನ ಕೇಳ್ಲಿಲ್ಲ" ಎಂದು ಮೆಲ್ಲಗೆ ಅಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ, ಸೀದ ಒಬ್ಬಟ್ಟಿನ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

"ಕೆಂಚಪ್ಪ, ನೀನು ಕರೆದೋನಲ್ಲ. ನಂಬಿಕೆನೂ ಇಲ್ಲ ಅಂತಾರೆ. ಮತ್ಯಾಕೆ ತೆಗೆದೆ?" ಎಂದು ಗುಂಡಮ್ಮನವರು ಕೇಳಿದರು.

"ತಟ್ಟಿದೋರಿಗೆ ತೆಗೀದೆ ಇದ್ರೆ ನಾನ್ಯಾಕವ್ವ ಬಾಗ್ಲು ಮಾಡ್ಲಿ? ಗೋಡೆ ಕಟ್ತಿರ್ಲಿಲ್ವಾ?" ಎಂದರು ಮಾವ.

ಗುಂಡಮ್ಮನವರು ತಮ್ಮ ಎಲೆಯ ಕಪ್ಪು ಒಬ್ಬಟ್ಟನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಷ್ಟಪಟ್ಟು ನುಂಗಿದರು. "ಬೀಗ್ರೇ, ನಿಮ್ಮ ಸೊಸೆಗೆ ಒಬ್ಬಟ್ಟು ಮಾಡಕ್ಕೆ ಬರಲ್ಲ" ಎಂದರು.

ಬೀಗ್ರೇ! ಸಂಪಂಗಿ ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮಿದ. ಮುತ್ತು ಸೌಟು ಕೈಬಿಟ್ಟಳು. ನನ್ನನ್ನು ಹಾಗೆ ಬೈದವರನ್ನು ನಾನು ಜನ್ಮದಲ್ಲಿ ಅಷ್ಟು ಪ್ರೀತಿಸಿರಲಿಲ್ಲ. ಊಟ ಮುಗಿದ ಕೂಡಲೇ ತಟ್ಟೆ ಬದಲಾಯಿತು. ಸಾಲಿನ ಮೊದಲ ಎಲೆಯನ್ನು ಎತ್ತಲು ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಮಾವನೇ ಎತ್ತಿ, ಅದರಲ್ಲಿದ್ದದ್ದನ್ನು ಬೀದಿಯಲ್ಲಿದ್ದ ಬಳೆಗಾರನನ್ನು ಕೂರಿಸಿ ಬಡಿಸಿದರು. ಅವನು ಬೆಲ್ಲದ ನೀರಿಗೆಂದು ನಿಂತಿದ್ದವನು, ಹೊಟ್ಟೆ ತುಂಬ ಉಂಡು ಹೋದ.

ಮದುವೆ ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ಆಯಿತು. ಧಾರೆ ಮುಗಿದು ಅಕ್ಷತೆ ಬಿದ್ದ ಮೇಲೆ ಮಾವ ಕಾಣಿಸಲಿಲ್ಲ. ಹುಡುಕಿಕೊಂಡು ಹಿತ್ತಿಲ ಕಡೆಯಿಂದ ಒಳಗೆ ಹೋದರೆ, ಮಗಳ ಮದುವೆಗೆಂದು ತಾವೇ ಮಾಡಿದ ಹೊಸ ಮುಂಬಾಗಿಲನ್ನು ಮುಚ್ಚಿಕೊಂಡು ಒಳಗೆ ನಿಂತಿದ್ದರು. ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಗಂಟಲು ಸರಿ ಮಾಡಿಕೊಂಡರು. ಆಮೇಲೆ ತುಟಿ ಅಲುಗಿತು. ಯಾವ ಹೆಸರು ಹಿಡಿದು ಕರೆದರೋ ನನಗೆ ಕೇಳಿಸಲಿಲ್ಲ. ಶಿವ ಎಂದರು ಎಂದು ಗುಂಡಮ್ಮನವರೂ, ಅಲ್ಲವೇ ಅಲ್ಲ ಎಂದು ಮೋತಿ ಸಾಬರೂ ಇವತ್ತಿಗೂ ವಾದ ಮಾಡುತ್ತಾರೆ. ಇಬ್ಬರೂ ಬಾಗಿಲ ಆಚೆಗಿದ್ದವರು. ಹೊಸ ಹಲಗೆಯ ಮೇಲೆ ಬಡಿತ ಬಿತ್ತು. ಊರೆಲ್ಲ ತಿರುಗಿ ನೋಡಿತು.

ಮಾವ ಬಾಗಿಲು ತೆಗೆದರು. ಹೊರಗೆ ಚಪ್ಪರದಲ್ಲಿ ನಿಂತಿದ್ದ ಗುಂಡಮ್ಮನವರು ಕಣ್ಣರಳಿಸಿ, "ಕರೆದ್ರಾ ಬೀಗ್ರೇ? ಕೆಲ್ಸ ಇಲ್ದೆ ಕರೆಯೋರಲ್ಲ ನೀವು. ಏನು ಕೆಲ್ಸ?" ಎಂದು ಕೇಳಿದರು.

ಮಾವನ ಕಣ್ಣು ಮಂಟಪದ ಕಡೆಗಿತ್ತು. ಅಲ್ಲಿ ಮುತ್ತು ಸಂಪಂಗಿಯ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ನೋಡುತ್ತಾ ನೋಡುತ್ತಾ ಅವರ ಮುಖವೆಲ್ಲ ನಗುವಾಯಿತು.

"ಏನಿಲ್ಲ ಕಣವ್ವ," ಎಂದರು, ಒಳಗೆ ಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾ. "ಸುಮ್ನೆ ಕರೆದೆ."